ಹುಟ್ಟಿದಾಗ ಇಲ್ಲದ ಸದ್ದು ಈಗೆಲ್ಲಿಂದ ಬಂತು?

ಪ್ರಶ್ನೆ: ಮಗಳಿಗೆ ಎರಡೂವರೆ ತಿಂಗಳು. ಹುಟ್ಟಿದಾಗ 2.9 ಕೆ.ಜಿ. ಇದ್ದಳು, ಈಗ 3.6. ಹೆರಿಗೆಯಾದ ಆಸ್ಪತ್ರೆಯಲ್ಲಿ ಎಲ್ಲ ಸರಿಯಿದೆ ಎಂದು ಕಳಿಸಿದ್ದರು. ಮೊನ್ನೆ ಲಸಿಕೆಗೆ ಹೋದಾಗ ಡಾಕ್ಟರು ಎದೆಯಲ್ಲಿ ಸದ್ದಿದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಎಂದರು. ಮೊದಲಿನವರು ಸರಿಯಾಗಿ ನೋಡಲೇ ಇಲ್ಲವೇ? ಹಾಲು ಕುಡಿಯುವಾಗ ಮಗು ತುಂಬಾ ಬೆವರುತ್ತದೆ. ‘ಉಷ್ಣದ ಮೈ, ಬಿಡು’ ಅಂತಾರೆ ಅತ್ತೆ.
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಮೊದಲಿನವರನ್ನು ಬೈಯಬೇಡಿ ತಾಯಿ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತಿದ್ದರೂ ಹುಟ್ಟಿದ ದಿನ ಸದ್ದು ಕೇಳಿಸದೇ ಇರಬಹುದು. ಆಗ ಶ್ವಾಸಕೋಶದ ಕಡೆಯ ಒತ್ತಡ ಇನ್ನೂ ಜಾಸ್ತಿ. ಕೆರೆಯ ತೂಬಿನ ಎರಡೂ ಬದಿ ನೀರು ಒಂದೇ ಮಟ್ಟದಲ್ಲಿದ್ದರೆ ಸದ್ದಾಗುವುದಿಲ್ಲ, ಅಲ್ವಾ? ಕೆಲವು ವಾರಗಳಲ್ಲಿ ಆ ಕಡೆಯ ಒತ್ತಡ ಇಳಿಯುತ್ತದೆ. ರಕ್ತ ತೂತಿನಲ್ಲಿ ನುಗ್ಗುತ್ತದೆ. ಆಗ ಸದ್ದು.

ಎಲ್ಲ ಸದ್ದೂ ಕಾಯಿಲೆಯಲ್ಲ. ಆದರೆ ನನಗೆ ಚಿಂತೆ ಸದ್ದಿನದಲ್ಲ, ಬೆವರಿನದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಕೂಸನ್ನು ‘ಸೆಖೆ, ಕುಲಾವಿ ತೆಗೀರಿ’ ಎಂದು ಮನೆಗೆ ಕಳಿಸಿದ್ದೆ. ಮೂರು ವಾರಕ್ಕೆ ಏದುಸಿರು ಬಿಡುತ್ತಾ ಬಂತು. ಅಂದಿನಿಂದ ಬರೀ ಸ್ಟೆತಸ್ಕೋಪ್ ನಂಬುವುದಿಲ್ಲ. ತಾಯಿಗೆ ನನ್ನೆದುರೇ ಹಾಲು ಕುಡಿಸಲು ಹೇಳುತ್ತೇನೆ. ನಾಲ್ಕು ಗುಟುಕು ಕುಡಿದು ನಿಲ್ಲಿಸುವುದು, ಹಣೆ ಒದ್ದೆಯಾಗುವುದು, ದಣಿದು ನಿದ್ದೆ ಹೋಗುವುದು, ಮತ್ತೆ ಹಸಿದು ಅಳುವುದು. ಕೂಸಿಗೆ ಹಾಲು ಕುಡಿಯುವುದೇ ದೊಡ್ಡ ಕೆಲಸ. ದುರ್ಬಲ ಹೃದಯ ಅಲ್ಲೇ ಸಿಕ್ಕಿಬೀಳುತ್ತದೆ.

ತೂಕವೂ ಅದನ್ನೇ ಹೇಳುತ್ತಿದೆ. ಈ ವಯಸ್ಸಿನಲ್ಲಿ ದಿನಕ್ಕೆ 25–30 ಗ್ರಾಂ ಏರಬೇಕು. ನಿಮ್ಮ ಮಗುವಿಗೆ ಹತ್ತೂ ಸಿಕ್ಕಿಲ್ಲ. ಇವತ್ತು ರಾತ್ರಿ ಕೂಸು ಮಲಗಿದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 50 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಉಸಿರಾಟ ವೇಗವಾಗಿದೆ ಎಂದೇ ಅರ್ಥ.

ಎಕೋ ಈ ವಾರವೇ ಆಗಲಿ. ಸೂಜಿ ಇಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಬಸುರಿಯಲ್ಲಿ ನಿಮಗೆ ಮಾಡಿದ ಸ್ಕ್ಯಾನಿನ ಹಾಗೆಯೇ ಜೆಲ್ ಹಚ್ಚಿ ನೋಡುತ್ತಾರೆ. ಮಕ್ಕಳ ಹೃದಯ ನೋಡುವ ಡಾಕ್ಟರೇ ಮಾಡಿದರೆ ಒಳ್ಳೆಯದು. ದೊಡ್ಡವರದನ್ನಷ್ಟೇ ನೋಡಿ ರೂಢಿಯಿದ್ದವರ ಕಣ್ಣಿಗೆ ಕೆಲವು ದೋಷ ತಪ್ಪಬಹುದು. ಮುಂದೆ ಗುಂಡಿಯಿರುವ ಅಂಗಿ ಹಾಕಿ. ಹಾಲು ಕುಡಿದು ಮಲಗಿದ್ದರೆ ಅರ್ಧ ಕೆಲಸ ಆದಂತೆ.

ಸಣ್ಣ ತೂತು ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡದಿದ್ದರೆ ಔಷಧಿ, ಆಮೇಲೆ ಆಪರೇಷನ್. ಖರ್ಚಿನ ಭಯ ಇದ್ದರೆ ತಾಲೂಕು ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ) ತಂಡವನ್ನು ಕೇಳಿ, ಹುಟ್ಟು ಹೃದಯದೋಷ ಆ ಸರ್ಕಾರಿ ಯೋಜನೆಯೊಳಗೇ ಬರುತ್ತದೆ. ನಾಲಗೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ ಎಕೋ ತಾರೀಖಿಗೆ ಕಾಯಬೇಡಿ, ಅದೇ ಗಳಿಗೆ ಹೊರಡಿ.

ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಎಕೋ ಕೋಣೆಯಲ್ಲಿ ಕೂಸನ್ನು ತಟ್ಟಿ ಮಲಗಿಸಲು ಅವರ ಕೈಯೇ ಬೇಕಾದೀತು.