ಬೆಳಗಿನ ಮಂಜು ವಿಡಿಯೊದಲ್ಲಿ ಏಕಿಲ್ಲ?

ಈ ಸಲದ ಮೂರೂ ಪ್ರಶ್ನೆಗಳು ಫೋಟೊಗಳ ಸಾಲನ್ನು ಎಫ್‌ಎಫ್‌ಎಂಪೆಗ್ (ಕಮಾಂಡ್ ಟೈಪಿಸಿ ಓಡಿಸುವ ವಿಡಿಯೊ ತಂತ್ರಾಂಶ) ಬಳಸಿ ವಿಡಿಯೊ ಮಾಡುವುದಕ್ಕೆ ಸಂಬಂಧಿಸಿದವು. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ. ಫೈಲಿನ ಹೆಸರು ಮಾತ್ರ ಡಿಸ್ಕಿನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಲಿನಕ್ಸಿಗೆ ದೊಡ್ಡಕ್ಷರದ ಜೆಪಿಜಿ ಬೇರೆ, ಸಣ್ಣಕ್ಷರದ್ದು ಬೇರೆ.

ಪ್ರಶ್ನೆ: ಕುದುರೆಮುಖದ ಕಡೆಯ ಮೋಡಗಳನ್ನು ಬೆಳಿಗ್ಗೆ 6ರಿಂದ 12ರವರೆಗೆ, 10 ಸೆಕೆಂಡಿಗೊಂದರಂತೆ 2160 ಫೋಟೊ ತೆಗೆದಿದ್ದೇನೆ. ಮೊದಲನೆಯದು ಡಿಎಸ್‌ಸಿ_8740, ಕೊನೆಯದು ಡಿಎಸ್‌ಸಿ_0900. '-ಫ್ರೇಮ್‌ರೇಟ್ 24 -ಐ ಡಿಎಸ್‌ಸಿ_%04ಡಿ.ಜೆಪಿಜಿ' ಎಂದು ಕೊಟ್ಟರೆ 37 ಸೆಕೆಂಡಿನ ವಿಡಿಯೊ ಬರುತ್ತದೆ. ಮುಂಜಾನೆಯ ಮಂಜೇ ಇಲ್ಲ. ಫೋನಿನಲ್ಲಂತೂ ಅದು ಓಡುವುದೇ ಇಲ್ಲ. (ಕಳಸದ ಓದುಗರು)

ಉತ್ತರ: ಫೋಟೊ ಯಾವುದೂ ಕಳೆದುಹೋಗಿಲ್ಲ, ಸಾಲು ಮುರಿದಿದೆ ಅಷ್ಟೆ. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ 0001ಕ್ಕೆ ಮರಳಿದೆ. ಆರಂಭದ ಸಂಖ್ಯೆ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ 0ಯಿಂದ 4ರೊಳಗೆ ಯಾವ ಫೈಲ್ ಸಿಗುತ್ತದೋ ಅಲ್ಲಿಂದ ಶುರು ಮಾಡುತ್ತದೆ. ನಿಮ್ಮಲ್ಲಿ ಅದಕ್ಕೆ 0001 ಸಿಕ್ಕಿತು, 0900ರ ನಂತರದ ಫೈಲ್ ಇಲ್ಲದ್ದರಿಂದ ಅಲ್ಲಿಗೇ ನಿಂತಿತು. 900 ಫೋಟೊವನ್ನು 24ರಿಂದ ಭಾಗಿಸಿದರೆ 37.5 ಸೆಕೆಂಡು. ಮೊದಲ 1260 ಫೋಟೊ, ಅಂದರೆ ಒಂಬತ್ತೂವರೆಯವರೆಗಿನ ಬೆಳಗು, ವಿಡಿಯೊಗೆ ಬರಲೇ ಇಲ್ಲ. '-ಸ್ಟಾರ್ಟ್_ನಂಬರ್ 8740' ಸೇರಿಸಿದರೂ ಅರ್ಧವೇ ಸಿಗುತ್ತದೆ. ಆಗ 9999ಕ್ಕೆ ನಿಲ್ಲುತ್ತದೆ.

ಮೂಲ ಫೋಟೊಗಳನ್ನು ಮುಟ್ಟಬೇಡಿ. ಬೇರೆ ಫೋಲ್ಡರಿಗೆ ನಕಲು ಮಾಡಿ, ಅಲ್ಲಿ 8 ಮತ್ತು 9ರಿಂದ ಶುರುವಾಗುವ ಫೈಲುಗಳ ಹೆಸರಿನ ಮುಂದೆ ದೊಡ್ಡಕ್ಷರದ ಎ ಸೇರಿಸಿ:

ಫಾರ್ ಎಫ್ ಇನ್ ಡಿಎಸ್‌ಸಿ_[89]*; ಡು ಎಂವಿ "$ಎಫ್" "ಎ$ಎಫ್"; ಡನ್

ಅಕ್ಷರಕ್ರಮದಲ್ಲಿ ಎ ಮೊದಲು, ಡಿ ಆಮೇಲೆ. ಇನ್ನು ಸಂಖ್ಯೆಯ ಗೊಡವೆ ಬಿಟ್ಟು ಹೆಸರಿನ ಕ್ರಮದಲ್ಲೇ ಓದಿಸಬಹುದು:

ಎಫ್‌ಎಫ್‌ಎಂಪೆಗ್ -ಫ್ರೇಮ್‌ರೇಟ್ 24 -ಪ್ಯಾಟರ್ನ್_ಟೈಪ್ ಗ್ಲಾಬ್ -ಐ '*.ಜೆಪಿಜಿ' -ವಿಎಫ್ "ಸ್ಕೇಲ್=1920:-2,ಕ್ರಾಪ್=1920:1080:0:0" -ಸಿ:ವಿ ಲಿಬ್‌ಎಕ್ಸ್264 -ಸಿಆರ್‌ಎಫ್ 18 -ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ -ಮೂವ್‌ಫ್ಲ್ಯಾಗ್ಸ್ +ಫಾಸ್ಟ್‌ಸ್ಟಾರ್ಟ್ ಮೋಡ.ಎಂಪಿ4

ನಕ್ಷತ್ರ ಚಿಹ್ನೆಯ ಸುತ್ತಲಿನ ಒಂಟಿ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ಶೆಲ್ (ಟರ್ಮಿನಲ್‌ನಲ್ಲಿ ಟೈಪಿಸಿದ್ದನ್ನು ಓದುವ ತಂತ್ರಾಂಶ) ಅದನ್ನು 2160 ಹೆಸರುಗಳಾಗಿ ಬಿಡಿಸಿಬಿಡುತ್ತದೆ. ಎಫ್‌ಎಫ್‌ಎಂಪೆಗ್ ಮೊದಲನೆಯದನ್ನು ಮಾತ್ರ ಇನ್‌ಪುಟ್ ಎಂದುಕೊಂಡು, ಉಳಿದವು ಬರೆಯಬೇಕಾದ ಫೈಲುಗಳು ಎಂದು ತಿಳಿಯುತ್ತದೆ. 'ಓವರ್‌ರೈಟ್' ಮಾಡಲೇ ಎಂದು ಅದು ಕೇಳಿದಾಗ ವೈ ಒತ್ತಿದರೆ ನಿಮ್ಮ ಫೋಟೊ ಹೋಯಿತು. ನಕಲಿನ ಮೇಲೆ ಕೆಲಸ ಮಾಡಿ ಎಂದದ್ದು ಇದಕ್ಕೇ.

ವಿಂಡೋಸ್‌ಗೆ ಸಿಗುವ ಎಫ್‌ಎಫ್‌ಎಂಪೆಗ್‌ನ ಸಾಮಾನ್ಯ ಆವೃತ್ತಿಗಳಲ್ಲಿ ಗ್ಲಾಬ್, ಅಂದರೆ ನಕ್ಷತ್ರ ಚಿಹ್ನೆಯಿಂದ ಫೈಲು ಆಯುವ ಸೌಲಭ್ಯ, ಇರುವುದಿಲ್ಲ. ಅಲ್ಲಿ ಫೋಲ್ಡರನ್ನು ಫೋಟೊ ತೆಗೆದ ಸಮಯದ ಪ್ರಕಾರ ಜೋಡಿಸಿ, ಎಲ್ಲವನ್ನೂ ಆಯ್ದು, ಎಫ್2 ಒತ್ತಿ 'ಎ' ಎಂದು ಹೆಸರಿಡಿ. 'ಎ (1)', 'ಎ (2)' ಎಂದು ಸಾಲಾಗುತ್ತವೆ. ಆಗ -ಐ "ಎ (%ಡಿ).ಜೆಪಿಜಿ" ಸಾಕು. ಇದನ್ನೇ ಬ್ಯಾಚ್ ಫೈಲಿನಲ್ಲಿ (ಕಮಾಂಡ್‌ಗಳನ್ನು ಬರೆದಿಟ್ಟು ಓಡಿಸುವ ಫೈಲು) ಬರೆಯುವುದಾದರೆ % ಚಿಹ್ನೆಯನ್ನು ಎರಡು ಸಲ ಹಾಕಬೇಕು.

ಫೋನಿನಲ್ಲಿ ಓಡದಿರುವುದಕ್ಕೆ ಎರಡು ಕಾರಣಗಳಿರಬಹುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000×4000 ಇರುತ್ತದೆ. ಗಾತ್ರ ಇಳಿಸದಿದ್ದರೆ ವಿಡಿಯೊ ಕೂಡ ಅಷ್ಟೇ ದೊಡ್ಡದಾಗುತ್ತದೆ, ಫೋನಿನ ಡಿಕೋಡರ್ ಚಿಪ್ ಅದನ್ನು ತಾಳಲಾರದು. ಇನ್ನೊಂದು ಬಣ್ಣದ ವಿಚಾರ. ಅನೇಕ ಕ್ಯಾಮೆರಾಗಳು ಜೆಪಿಜಿಯಲ್ಲಿ 4:2:2 ಬಣ್ಣ ಇಡುತ್ತವೆ, ಎನ್‌ಕೋಡರ್ ಅದನ್ನೇ ಉಳಿಸಿಕೊಳ್ಳುತ್ತದೆ. ಫೋನ್, ಟಿವಿಗಳಿಗೆ ಬೇಕಾದದ್ದು ಬಣ್ಣದ ವಿವರ ಅದಕ್ಕಿಂತ ಕಡಿಮೆ ಇರುವ 4:2:0. ಮೇಲಿನ ಕಮಾಂಡಿನ ವೈಯುವಿ420ಪಿ ಇರುವುದು ಅದಕ್ಕೆ. 1920ಕ್ಕೆ ಇಳಿಸಿದಾಗ ಎತ್ತರ 1280 ಆಗುತ್ತದೆ, 1080ಕ್ಕೆ ತರಲು 200 ಸಾಲು ಕತ್ತರಿಸಲೇಬೇಕು. ಕ್ರಾಪ್ ತಾನಾಗಿ ಮೇಲೆ 100, ಕೆಳಗೆ 100 ಕತ್ತರಿಸುತ್ತದೆ; ನಿಮಗೆ ಆಕಾಶವೇ ಮುಖ್ಯವಾದ್ದರಿಂದ ಕೊನೆಯಲ್ಲಿ 0:0 ಸೇರಿಸಿ ಎಲ್ಲವನ್ನೂ ಕೆಳಗಿನಿಂದಲೇ ತೆಗೆದಿದ್ದೇವೆ. ಕೆಲಸ ಮುಗಿದಾಗ ಟರ್ಮಿನಲ್‌ನ ಕೊನೆಯಲ್ಲಿ ಫ್ರೇಮ್ ಸಂಖ್ಯೆ 2160 ಕಾಣಬೇಕು, ವಿಡಿಯೊ 90 ಸೆಕೆಂಡಿನದಾಗಿರಬೇಕು.

ಪ್ರಶ್ನೆ: ಜೇಡಿಮಣ್ಣಿನ ಗೊಂಬೆಗಳ ಸ್ಟಾಪ್‌ಮೋಷನ್ (ಗೊಂಬೆಯನ್ನು ತುಸು ತುಸುವೇ ಸರಿಸಿ ತೆಗೆದ ಫೋಟೊಗಳ ವಿಡಿಯೊ) ಮಾಡುತ್ತಿದ್ದೇವೆ. ಗೊಂಬೆಗಳು ವಿಪರೀತ ವೇಗವಾಗಿ ಓಡುತ್ತವೆ, ಬೆಳಕೂ ಮಿಣಮಿಣ ಎನ್ನುತ್ತದೆ. '-ಆರ್ 12' ಕೊಟ್ಟರೂ ವೇಗ ಇಳಿಯಲಿಲ್ಲ. (ಧಾರವಾಡದ ಓದುಗರು)

ಉತ್ತರ: ಆಯ್ಕೆ ಕುಳಿತ ಜಾಗ ತಪ್ಪು. -ಐ ನಂತರ ಬರುವ -ಆರ್ ಹೊರಬರುವ ವಿಡಿಯೊಗೆ ಸೇರಿದ್ದು. ನೀವು ಒಳಗೆ ಬರುವ ವೇಗ ಹೇಳದೇ ಇದ್ದುದರಿಂದ ಎಫ್‌ಎಫ್‌ಎಂಪೆಗ್ ಸೆಕೆಂಡಿಗೆ 25 ಚಿತ್ರ ಎಂದು ಹಿಡಿದು, ಆಮೇಲೆ 12ಕ್ಕೆ ಇಳಿಸಲು ಅರ್ಧಕ್ಕೂ ಹೆಚ್ಚು ಚಿತ್ರಗಳನ್ನು ಎಸೆದಿದೆ. ಕಷ್ಟಪಟ್ಟು ಸರಿಸಿದ ಗೊಂಬೆಯ ಕೈಯ ಚಲನೆ ಹೋದದ್ದು ಹೀಗೆ. '-ಫ್ರೇಮ್‌ರೇಟ್ 12' ಅನ್ನು -ಐ ಮೊದಲು ಬರೆಯಿರಿ, '-ಆರ್ 24' ಅನ್ನು ನಂತರ ಬರೆಯಿರಿ. ಪ್ರತಿ ಚಿತ್ರವೂ ಎರಡೆರಡು ಸಲ ಬರುತ್ತದೆ, ಒಂದೂ ಬಿಟ್ಟುಹೋಗುವುದಿಲ್ಲ.

ಮಿಣುಕಿಗೆ ನಿಜವಾದ ಮದ್ದು ಫೋಟೊ ತೆಗೆಯುವಾಗಲೇ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/250 ಇದ್ದರೆ ಒಂದು ಫೋಟೊಗೆ ಏರು, ಇನ್ನೊಂದಕ್ಕೆ ಇಳಿವು ಸಿಗುತ್ತದೆ. 1/50 ಅಥವಾ 1/25 ಇಡಿ. ಐಎಸ್‌ಒ, ಅಪರ್ಚರ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನುಯಲ್ ಇರಲಿ, ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಈಗಾಗಲೇ ತೆಗೆದ ಚಿತ್ರಗಳಿಗೆ -ವಿಎಫ್ ಸಾಲಿನ ಕೊನೆಯಲ್ಲಿ 'ಡಿಫ್ಲಿಕರ್=ಸೈಜ್=5' ಸೇರಿಸಿ ನೋಡಿ. ಅದು ಐದು ಫ್ರೇಮುಗಳ ಸರಾಸರಿ ಹೊಳಪು ಹಿಡಿದು ಸರಿದೂಗಿಸುತ್ತದೆ. ಆಟೊ ವೈಟ್ ಬ್ಯಾಲೆನ್ಸ್‌ನಿಂದ ಬಣ್ಣವೇ ಓಲಾಡಿದ್ದರೆ ಅದರಿಂದ ಪ್ರಯೋಜನವಿಲ್ಲ. ಹೊಳಪನ್ನಷ್ಟೇ ಅದು ತಿದ್ದುತ್ತದೆ.

ಪ್ರಶ್ನೆ: ಶಾಲೆಯ ಸುವರ್ಣ ಮಹೋತ್ಸವಕ್ಕೆ ಹಳೆಯ ಫೋಟೊಗಳ ಸ್ಲೈಡ್‌ಶೋ ಬೇಕು. ಕೆಲವು 3 ಸೆಕೆಂಡು, ಗುಂಪು ಫೋಟೊಗಳು 8 ಸೆಕೆಂಡು ಇರಬೇಕು. ಕೆಲವು ಅಡ್ಡ, ಕೆಲವು ಉದ್ದ. ಪಟ್ಟಿ ಮಾಡಿ ಕೊಟ್ಟರೆ 'ಅನ್‌ಸೇಫ್ ಫೈಲ್ ನೇಮ್' ಎನ್ನುತ್ತದೆ. (ಹಾಸನದ ಓದುಗರು)

ಉತ್ತರ: ಹೆಸರುಗಳು ಕನ್ನಡದಲ್ಲಿವೆ, ಅಥವಾ ನಡುವೆ ಜಾಗ ಬಿಟ್ಟಿದ್ದೀರಿ. '-ಎಫ್ ಕಾನ್‌ಕ್ಯಾಟ್ -ಸೇಫ್ 0 -ಐ ಪಟ್ಟಿ.ಟಿಎಕ್ಸ್‌ಟಿ' ಎಂದು ಕೊಟ್ಟರೆ ಒಪ್ಪಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಂದು ಸಾಲು ಫೈಲ್ 'ಹೆಸರು.ಜೆಪಿಜಿ', ಅದರ ಕೆಳಗೆ ಡ್ಯುರೇಷನ್ 8, ಹೀಗೆ. ಕೊನೆಯ ಫೋಟೊದ ಫೈಲ್ ಸಾಲನ್ನು ಇನ್ನೊಮ್ಮೆ ಬರೆಯಿರಿ. ಇಲ್ಲದಿದ್ದರೆ ಅದರ ಅವಧಿ ಲೆಕ್ಕಕ್ಕೆ ಬರದೆ ಮಿಂಚಿ ಮಾಯವಾಗುತ್ತದೆ. ಸ್ಕ್ಯಾನ್ ಮಾಡಿದ ಪಿಎನ್‌ಜಿಗಳನ್ನು ಜೆಪಿಜಿಗಳ ಜೊತೆ ಬೆರೆಸಬೇಡಿ, ಎಲ್ಲವೂ ಒಂದೇ ಬಗೆಯವಾಗಿರಲಿ.

ಅಡ್ಡ-ಉದ್ದ ಎರಡಕ್ಕೂ ಒಂದೇ ಚೌಕಟ್ಟು:

-ವಿಎಫ್ "ಸ್ಕೇಲ್=1920:1080:ಫೋರ್ಸ್_ಒರಿಜಿನಲ್_ಆಸ್ಪೆಕ್ಟ್_ರೇಶಿಯೊ=ಡಿಕ್ರೀಸ್,ಪ್ಯಾಡ್=1920:1080:-1:-1,ಸೆಟ್‌ಎಸ್‌ಎಆರ್=1,ಎಫ್‌ಪಿಎಸ್=25"

ಪ್ಯಾಡ್‌ನ ಎರಡು -1 ಚಿತ್ರವನ್ನು ನಡುವೆ ಕೂರಿಸಿ ಉಳಿದೆಡೆ ಕಪ್ಪು ತುಂಬುತ್ತವೆ. ಯಾರ ತಲೆಯೂ ಕತ್ತರಿಸಿಹೋಗುವುದಿಲ್ಲ. ಉಳಿದ ಆಯ್ಕೆಗಳು ಮೊದಲ ಉತ್ತರದಲ್ಲಿ ಇದ್ದಂತೆಯೇ. ಶಾಲೆಯ ಪ್ರಾರ್ಥನೆಯ ಧ್ವನಿ ಸೇರಿಸುವುದಾದರೆ ಪಟ್ಟಿಯ ನಂತರ ಇನ್ನೊಂದು -ಐ ಬರೆದು ಅದರ ಮುಂದೆ ಆಡಿಯೊ ಫೈಲಿನ ಹೆಸರು ಕೊಡಿ, '-ಸಿ:ಎ ಎಎಸಿ -ಬಿ:ಎ 192ಕೆ -ಶಾರ್ಟೆಸ್ಟ್' ಸೇರಿಸಿ. ಶಾರ್ಟೆಸ್ಟ್ ಎಂದರೆ ಎರಡರಲ್ಲಿ ಚಿಕ್ಕದು ಮುಗಿದಲ್ಲಿಗೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಪಟ್ಟಿಯ ಅವಧಿಗಳನ್ನು ಮೊದಲೇ ಕೂಡಿ ನೋಡಿ, ಆಡಿಯೊ ಅದಕ್ಕಿಂತ ಉದ್ದ ಇದೆಯೆಂದು ಖಚಿತಪಡಿಸಿಕೊಳ್ಳಿ.