ಸುಬೇದಾರರ ಶಿಸ್ತು ಕಾರ್ಖಾನೆಗೆ ಒಗ್ಗೀತೇ?

ಮಾನ್ಯರೇ, ಕಾರ್ಕಳದ ತಮ್ಮ ಗೇರುಬೀಜ ಕಾರ್ಖಾನೆಗೆ ಮೇಲ್ವಿಚಾರಕರಾಗಿ ಬಂದಿರುವ ನಿವೃತ್ತ ಸುಬೇದಾರರು ಸೇನೆಯ ಶಿಸ್ತನ್ನು ಜಾರಿಗೆ ತರಲು ಬಯಸಿದ್ದಾರೆ, ಅದು ವ್ಯವಹಾರಕ್ಕೆ ಒಗ್ಗೀತೇ ಎಂದು ಕೇಳಿದ್ದೀರಿ. ಸಾಲು ನಿಲ್ಲಿಸಿ ಹಾಜರಿ ಕೂಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸೇನೆಯಿಂದ ಖಂಡಿತವಾಗಿ ತರಬೇಕಾದದ್ದು, ಆಜ್ಞೆಯ ಜೊತೆಗೆ ಅದರ ಉದ್ದೇಶವನ್ನೂ ತಿಳಿಸುವ ಕ್ರಮ.

ಬೈಕಂಪಾಡಿಯ ನಮ್ಮ ಘಟಕದಲ್ಲಿ ಬೋರ್ಮಾದ, ಅಂದರೆ ತಿರುಳು ಒಣಗಿಸುವ ಬಿಸಿಗಾಳಿಯ ಕೋಣೆಯ, ಕೆಲಸದವರಿಗೆ ನಾನು ಗಂಟೆಯ ಲೆಕ್ಕವನ್ನಷ್ಟೇ ಹೇಳುತ್ತಿದ್ದೆ. ತಿರುಳು ಅತಿಯಾಗಿ ಒಣಗಿದರೆ ಸಿಪ್ಪೆ ತೆಗೆಯುವಾಗ ತುಂಡಾಗುತ್ತದೆ, ತುಂಡಿಗೆ ಇಡಿಯ ಬೀಜದ ಬೆಲೆ ಸಿಗದು ಎಂದು ಒಮ್ಮೆ ಕೈಯಲ್ಲಿ ಹಿಡಿದು ತೋರಿಸಿದ ಮೇಲೆ, ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ವಿದ್ಯುತ್ ಹೋಗಿ ಫ್ಯಾನು ನಿಂತಾಗ ಅವರು ನನ್ನ ಫೋನಿಗೆ ಕಾಯದೆ ಶಾಖಕ್ಕೆ ಹತ್ತಿರವಿದ್ದ ಟ್ರೇಗಳನ್ನು ತಾವಾಗಿಯೇ ಹೊರತೆಗೆದಿಟ್ಟಿದ್ದರು.

ಇನ್ನೊಂದು, ಕೆಳಗಿನವರು ಮೇಲಿನವರಿಗೆ ಸತ್ಯ ಹೇಳುವ ಧೈರ್ಯ. ಅಂದಿನ ಭೂಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರು ತಾವೇ ಹೇಳಿಕೊಂಡಂತೆ, 1971ರ ಏಪ್ರಿಲ್‌ನಲ್ಲಿ ಪಾಕಿಸ್ತಾನದೊಂದಿಗಿನ ಯುದ್ಧಕ್ಕೆ ಸೇನೆ ಇನ್ನೂ ಸಿದ್ಧವಾಗಿಲ್ಲವೆಂದು ಪ್ರಧಾನಿಯವರಿಗೆ ನೇರವಾಗಿ ತಿಳಿಸಿದರು. ಯುದ್ಧ ನಡೆದದ್ದು ಡಿಸೆಂಬರ್‌ನಲ್ಲಿ. ಹಡಗಿನ ದಿನಾಂಕಕ್ಕೆ ಸರಕು ಆಗದೆಂದು ತಮ್ಮ ಮೇಲ್ವಿಚಾರಕರು ಹೇಳಿದರೆ ತಾವು ಕೇಳಿಸಿಕೊಳ್ಳುವಿರಾ?

ಆದರೆ ಸೈನಿಕನು ಕಾನೂನಿಗೆ ಬದ್ಧನಾಗಿರುತ್ತಾನೆ, ಮನಸ್ಸು ಬಂದಾಗ ಬಿಟ್ಟುಹೋಗಲಾರ. ತಮ್ಮಲ್ಲಿ ಸಿಪ್ಪೆ ಸುಲಿಯುವ ಅಕ್ಕಂದಿರು ನಾಳೆಯೇ ಪಕ್ಕದ ಕಾರ್ಖಾನೆಗೆ ಹೋಗಬಲ್ಲರು. ಇದನ್ನು ಸುಬೇದಾರರಿಗೆ ಮೊದಲ ವಾರದಲ್ಲೇ, ಗೌರವದಿಂದ, ಎದುರು ಕುಳಿತು ತಿಳಿಸಿರಿ.