ಡಿಕ್ಸ್‌ವಿಲ್ ನಾಚ್‌ನ ಆರು ವೋಟು

ಧಾರವಾಡದ ಓದುಗರೊಬ್ಬರ ಪತ್ರ: “2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ ರಾಜ್ಯದ ಡಿಕ್ಸ್‌ವಿಲ್ ನಾಚ್ ಅನ್ನೋ ಪುಟ್ಟ ಊರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸೋಕೆ ನಡುರಾತ್ರಿ ವೋಟು ಹಾಕಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಆರಕ್ಕೆ ಆರೂ ನಿಕ್ಕಿ ಹೇಲಿಗೆ! ಕೊನೆಗೆ ಆ ರಾಜ್ಯ ಗೆದ್ದಿದ್ದು ಟ್ರಂಪ್. ರಿಪಬ್ಲಿಕನ್ ಪಕ್ಷದಲ್ಲಿ ಮಂದಗಾಮಿಗಳಿಗೆ ಜಾಗವೇ ಇಲ್ಲವೇ? ಎಲ್ಲ ದುಡ್ಡಿನ ಆಟ, ಅಲ್ವಾ?”

ಮಂದಗಾಮಿ! ಗೋಖಲೆಯವರ ಪಾಠವನ್ನು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ನೆನಪಾಯಿತು. ಒಳ್ಳೆ ಪದ, ಅದನ್ನೇ ಇಟ್ಟುಕೊಳ್ಳೋಣ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. 2016ರಲ್ಲಿ ಇದೇ ಪಕ್ಷದ ಅಧ್ಯಕ್ಷೀಯ ಟಿಕೆಟಿಗೆ ನಿಂತಿದ್ದ ಜೆಬ್ ಬುಷ್ ಪರವಾಗಿ 10 ಕೋಟಿ ಡಾಲರಿಗೂ ಜಾಸ್ತಿ ಕೂಡಿತ್ತು. ಅಪ್ಪ, ಅಣ್ಣ ಇಬ್ಬರೂ ಅಧ್ಯಕ್ಷರಾಗಿದ್ದವರು. ಒಂದೇ ಒಂದು ರಾಜ್ಯ ಗೆಲ್ಲದೆ ಫೆಬ್ರವರಿಯಲ್ಲೇ ಗಂಟುಮೂಟೆ ಕಟ್ಟಿದರು. ಅದಕ್ಕೂ ಹಿಂದೆ, 1964ರಲ್ಲಿ, ನ್ಯೂಯಾರ್ಕಿನ ಗವರ್ನರ್, ಮಂದಗಾಮಿ ನೆಲ್ಸನ್ ರಾಕ್‌ಫೆಲರ್. ಆ ಮನೆಯ ಸಿರಿತನ ಕೇಳಬೇಕೇ? ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೌ ಪ್ಯಾಲೇಸ್‌ನಲ್ಲಿ ಪಕ್ಷದ ಸಮಾವೇಶ. ಕರಿಯರ ಮೇಲೆ ಹಲ್ಲೆ ಮಾಡುತ್ತಿದ್ದ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್‌ನಂಥ ಉಗ್ರರನ್ನು ಪಕ್ಷ ಹೆಸರಿಟ್ಟು ಖಂಡಿಸಬೇಕು ಅಂತ ಹೇಳೋಕೆ ಇವರು ಎದ್ದು ನಿಂತರು. ಸಿಕ್ಕಿದ್ದು ಐದು ನಿಮಿಷ. ಬಾಯಿ ತೆರೆದಾಗಲೆಲ್ಲ ಸಭಿಕರ ಕೂಗಾಟ. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು. ಟಿಕೆಟ್ ಕಟ್ಟಾ ಬಲಪಂಥದ ಬ್ಯಾರಿ ಗೋಲ್ಡ್‌ವಾಟರ್‌ಗೆ ಹೋಯಿತು.

ಗೋಲ್ಡ್‌ವಾಟರ್ ನವೆಂಬರ್‌ನಲ್ಲಿ ನೆಲಕಚ್ಚಿದರು, ನಿಜ. ಆದರೆ ಗೆದ್ದ ಆರು ರಾಜ್ಯಗಳಲ್ಲಿ ಐದು ದಕ್ಷಿಣದವು. ಕರಿಯರಿಗೆ ಸಮಾನ ಹಕ್ಕು ಕೊಡುವ ಆ ವರ್ಷದ ಕಾಯ್ದೆಗೆ ಅವರು ವಿರುದ್ಧವಾಗಿ ವೋಟು ಹಾಕಿದ್ದರು. ದಕ್ಷಿಣದ ಬಿಳಿಯರು ಒಬ್ಬೊಬ್ಬರಾಗಿ ಈ ಪಕ್ಷಕ್ಕೆ ಬಂದರು. ಈಶಾನ್ಯದ ಮಂದಗಾಮಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದವರನ್ನು ಪಕ್ಷದವರೇ ಕಳಿಸಿದರು. ನ್ಯೂಯಾರ್ಕಿನ ಸೆನೆಟರ್ ಜೇಕಬ್ ಜಾವಿಟ್ಸ್ 24 ವರ್ಷ ಸೆನೆಟ್‌ನಲ್ಲಿದ್ದು 1980ರಲ್ಲಿ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಸೋತರು.

ನಮ್ಮಲ್ಲಿ ಟಿಕೆಟ್ ಹಂಚೋದು ಹೈಕಮಾಂಡ್. ಅಲ್ಲಿ ವೋಟು ಹಾಕೋಕೆ ಬಂದವರೇ ಹೈಕಮಾಂಡ್. ಆದರೆ ಬರೋರು ಯಾರು? 2024ರ ಜನವರಿಯ ಕೊರೆಯುವ ಚಳಿಯಲ್ಲಿ, ರಾತ್ರಿ ಹೊತ್ತು, ಅಯೋವಾ ರಾಜ್ಯದ ಕಾಕಸ್‌ಗೆ (ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಭೆ) ಬಂದ ರಿಪಬ್ಲಿಕನ್ನರು ಸುಮಾರು 1.1 ಲಕ್ಷ. ರಾಜ್ಯದ ಜನಸಂಖ್ಯೆ 32 ಲಕ್ಷ. ಅಂಥ ಚಳಿಗೆ ಮನೆ ಬಿಟ್ಟು ಬರೋರು ಹೊಟ್ಟೆಯಲ್ಲಿ ಬೆಂಕಿ ಇದ್ದವರೇ. “ಇಬ್ಬರದ್ದೂ ಸ್ವಲ್ಪ ಸರಿ” ಅನ್ನೋರು ಹೊದಿಕೆ ಎಳೆದುಕೊಂಡು ಮಲಗುತ್ತಾರೆ.

ಹಾಗಾದರೆ ಮಂದಗಾಮಿ ಅನಿಸಿಕೊಂಡಿದ್ದ ಮೆಕೇನ್ 2008ರಲ್ಲಿ, ರಾಮ್ನಿ 2012ರಲ್ಲಿ ಟಿಕೆಟ್ ಪಡೆದದ್ದು ಹೇಗೆ ಅಂತ ನೀವು ಕೇಳಬಹುದು. ಎದುರಿಗಿದ್ದ ಕಟ್ಟಾ ಬಲಪಂಥದ ವೋಟು ಹಂಚಿಹೋಗಿದ್ದು ಒಂದು ಕಾರಣ. ಇನ್ನೊಂದು, ಅವರೂ ಬಣ್ಣ ಹಚ್ಚಿಕೊಂಡರು. 2011ರ ಆಗಸ್ಟ್‌ನಲ್ಲಿ ಅಯೋವಾದ ಏಮ್ಸ್‌ನಲ್ಲಿ ಎಂಟು ಅಭ್ಯರ್ಥಿಗಳ ಚರ್ಚೆ. ಹತ್ತು ಡಾಲರ್ ಖರ್ಚು ಕಡಿತಕ್ಕೆ ಒಂದೇ ಡಾಲರ್ ತೆರಿಗೆ ಏರಿಕೆ ಅನ್ನೋ ಒಪ್ಪಂದ ಬಂದರೂ ಬೇಡ ಅನ್ನೋರು ಕೈ ಎತ್ತಿ ಅಂದರು. ಎಂಟೂ ಕೈ ಮೇಲೆ! ಅದರಲ್ಲಿ ರಾಮ್ನಿ ಕೈಯೂ ಇತ್ತು, ಎಲ್ಲರಿಗಿಂತ ಸೌಮ್ಯ ಅನಿಸಿಕೊಂಡಿದ್ದ ಹಂಟ್ಸ್‌ಮನ್ ಕೈಯೂ ಇತ್ತು. ಯಾವ ಅಂಗಡಿಯವನೂ ಬಿಡದ ಲಾಭ ಅದು, ನನಗೆ ಇವತ್ತಿಗೂ ನಗು ಬರುತ್ತದೆ.

ಹನ್ನೆರಡು ವರ್ಷದ ನಂತರ ಮಿಲ್ವಾಕಿಯಲ್ಲಿ ಮತ್ತೆ ಎಂಟು ಜನ, ಮತ್ತೆ ಕೈ ಎತ್ತುವ ಪ್ರಶ್ನೆ. ಟ್ರಂಪ್ ಅಪರಾಧಿ ಅಂತ ತೀರ್ಪು ಬಂದರೂ, ಅವರೇ ಅಭ್ಯರ್ಥಿಯಾದರೆ ಬೆಂಬಲಿಸುತ್ತೀರಾ? ಆರು ಜನ ಎತ್ತಿದರು. ನಿಮ್ಮ ಹೇಲಿ ಕೂಡ. 2010ರಲ್ಲಿ ಸೌತ್ ಕೆರೊಲಿನಾ ಗವರ್ನರ್ ಹುದ್ದೆಗೆ ನಿಂತಾಗ ಟೀ ಪಾರ್ಟಿ ಅನ್ನೋ ಬಲಪಂಥದ ಚಳವಳಿಯ ಕಟ್ಟಾಳುಗಳೇ ಅವರ ಬೆನ್ನಿಗಿದ್ದರು. ಅವರು ಮಂದಗಾಮಿ ಆಗಿದ್ದು ಟ್ರಂಪ್ ಪಕ್ಕ ನಿಂತು ನೋಡಿದಾಗ ಮಾತ್ರ. ರಾಕ್‌ಫೆಲರ್ ಕಾಲದವರು ಇವರನ್ನು ಆ ಹೆಸರಿಂದ ಕರೆಯುತ್ತಿರಲಿಲ್ಲ.

ಆದರೂ ಹೇಲಿಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶೇ 43 ವೋಟು ಬಿತ್ತು. ಅಲ್ಲಿ ಯಾವ ಪಕ್ಷಕ್ಕೂ ಸೇರದವರೂ ಪ್ರೈಮರಿಯಲ್ಲಿ ವೋಟು ಹಾಕಬಹುದು. ಮಾರ್ಚ್‌ನಲ್ಲಿ ವರ್ಮಾಂಟ್ ಗೆದ್ದರು, ಅಲ್ಲೂ ಬಾಗಿಲು ಎಲ್ಲರಿಗೂ ತೆರೆದಿತ್ತು. 1856ರಿಂದ 1960ರವರೆಗೆ ಒಂದೇ ಒಂದು ಅಧ್ಯಕ್ಷೀಯ ಚುನಾವಣೆಯಲ್ಲೂ ರಿಪಬ್ಲಿಕನ್ನರ ಕೈಬಿಡದ ರಾಜ್ಯ ಅದು. 1992ರಿಂದ ಈಚೆಗೆ ಪ್ರತಿ ಸಲವೂ ಡೆಮಾಕ್ರಟರಿಗೆ. ಗೆದ್ದ ಮರುದಿನವೇ ಹೇಲಿ ಕಣದಿಂದ ಹಿಂದೆ ಸರಿದರು.